ತಲೆಬರಹ ತಿದ್ದಿದರೂ ಲಿಂಕ್ ತಪ್ಪಬಾರದು

ನನ್ನ ಸೈಟ್ ಹ್ಯೂಗೋದಲ್ಲಿದೆ; ನಾವು ಬರೆದ ಫೈಲುಗಳಿಂದ ವೆಬ್ ಪುಟಗಳನ್ನು ಕಟ್ಟಿಕೊಡುವ ಸಾಧನ ಅದು. ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡುವಾಗ ನಾನು ವಿಳಾಸವನ್ನು ಕೈಯಾರೆ ಬರೆಯುವುದಿಲ್ಲ. ರೆಲ್‌ರೆಫ್ ಎಂಬ ಶಾರ್ಟ್‌ಕೋಡ್‌ಗೆ (ಬರಹದೊಳಗೆ ಹಾಕುವ ಚಿಕ್ಕ ಆದೇಶ) ಫೈಲಿನ ಹೆಸರು ಕೊಟ್ಟರೆ ಸಾಕು, ವಿಳಾಸವನ್ನು ಅದೇ ಹುಡುಕಿಕೊಳ್ಳುತ್ತದೆ. ಆ ಫೈಲ್ ಇಲ್ಲದಿದ್ದರೆ ಬಿಲ್ಡ್, ಅಂದರೆ ಪುಟಗಳನ್ನು ಕಟ್ಟುವ ಕೆಲಸ, ಅಲ್ಲೇ ನಿಂತುಬಿಡುತ್ತದೆ. ಇದು ನನಗೆ ತುಂಬಾ ಇಷ್ಟ. ಓದುಗರಿಗೆ 404 (ಪುಟ ಸಿಗಲಿಲ್ಲ) ಕಾಣುವ ಮೊದಲೇ ನಮಗೆ ಗೊತ್ತಾಗುತ್ತದೆ, ಅಲ್ವಾ?

ಪುಟದೊಳಗಿನ ಒಂದು ತಲೆಬರಹಕ್ಕೇ ಲಿಂಕ್ ಕೊಡುವ ಕಥೆ ಬೇರೆ. ಆಗ ವಿಳಾಸದ ಕೊನೆಗೆ ಹ್ಯಾಷ್ (#), ಆಮೇಲೆ ಆ ತಲೆಬರಹದ ಗುರುತಿನ ಹೆಸರು, ಅಂದರೆ ಐಡಿ, ಬರುತ್ತದೆ. ಹ್ಯಾಷ್ ಚಿಹ್ನೆಯ ನಂತರದ ಭಾಗವನ್ನು ಹ್ಯೂಗೋ ಪರೀಕ್ಷಿಸುವುದಿಲ್ಲ. ಐಡಿ ಹುಟ್ಟುವುದೇ ತಲೆಬರಹದ ಪದಗಳಿಂದ. ಒಂದು ಪದ ತಿದ್ದಿದರೆ ಐಡಿಯೂ ಬದಲಾಗುತ್ತದೆ. ಹಳೆಯ ಲಿಂಕ್ ಒತ್ತಿದವರಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಪುಟದ ಮೇಲ್ಭಾಗ ತೆರೆದುಕೊಳ್ಳುತ್ತದೆ. ಉದ್ದದ ಪುಟವಾದರೆ ಅವರು ಹುಡುಕಾಡಬೇಕಲ್ಲ ಅಂತ ನನಗೆ ಬೇಜಾರು.

ಹಾಗಾಗಿ ಬೇರೆ ಕಡೆಯಿಂದ ಲಿಂಕ್ ಬರುವ ತಲೆಬರಹಗಳಿಗೆ ಐಡಿಯನ್ನು ನಾನೇ ಇಡುತ್ತೇನೆ. ಸಾಲಿನ ಕೊನೆಗೆ ಕರ್ಲಿ ಬ್ರಾಕೆಟ್, ಅದರೊಳಗೆ ಹ್ಯಾಷ್, ಆಮೇಲೆ ಒಂದು ಚಿಕ್ಕ ಹೆಸರು. ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಒಳ್ಳೆಯದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ 'ಕ' 3 ಬೈಟ್. ವಿಳಾಸ ಕಾಪಿ ಮಾಡಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ಒಂದು 'ಕ'ಗೆ ಒಟ್ಟು 9 ಅಕ್ಷರ ಅಂದರೆ ಜಾಸ್ತಿಯಾಯಿತು. ಕೊನೆಗೆ ಬಿಲ್ಡ್ ಆದ ಫೋಲ್ಡರ್ ಮೇಲೆ ಲಿಂಕ್ ಚೆಕರ್ ಓಡಿಸಿ, ಐಡಿಗಳನ್ನೂ ನೋಡಿಕೊಂಡೇ ಅಪ್‌ಲೋಡ್ ಮಾಡುತ್ತೇನೆ.