ತಂಗಿ ಮದ್ವೆಗೆ ಬರುವವರಿಗೆ

ಬೆಂಗಳೂರಿಂದ ಬರುವವರೆಲ್ಲ ಕೇಳ್ತಿದ್ದಾರೆ, ಕಾಸರಗೋಡಲ್ಲಿ ನೋಡ್ಲಿಕ್ಕೆ ಏನುಂಟು ಅಂತ. ಒಂದಿನ ಮೊದ್ಲೇ ಬನ್ನಿ ಮಾರಾಯ್ರೇ. ಬೆಳಿಗ್ಗೆ ಮಧೂರಿಗೆ ಹೋಗಿ ಗಣಪತಿ ದೇವಸ್ಥಾನದ ಪ್ರಸಾದ, 'ಅಪ್ಪ' ಅನ್ನುವ ಸಿಹಿ ತಿಂಡಿ ತಗೊಳ್ಳಿ, ಅಲ್ಲಿಂದ ಕುಂಬಳೆ ಹತ್ರ ಅನಂತಪುರ, ಕೆರೆ ಮಧ್ಯ ದೇವಸ್ಥಾನ, ಅಲ್ಲಿದ್ದ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಾಗ ನಮ್ಮಮ್ಮ ಮನೆಯವರೇ ಹೋದ ಹಾಗೆ ಅತ್ತಿದ್ರು. ಸಂಜೆ ಬೇಕಲ ಕೋಟೆ, ಗೇಟು ಮುಚ್ಚುವ ಮೊದ್ಲು ಕೆಳದಿ ನಾಯಕರ ಕಾಲದ ಆ ಕೋಟೆಯ ಬುರುಜು ಹತ್ತಿ ಕಡಲು ನೋಡಿ, ಆಮೇಲೆ ಬೀಚಲ್ಲಿ ಸೂರ್ಯ ಮುಳುಗುವ ತನಕ ಕೂತ್ಕೊಳ್ಳಿ.

ತಿನ್ನೋದು ಮಾತ್ರ ನಮ್ಮನೇಲೇ. ಹಲಸಿನ ಹಣ್ಣಿನ 'ಕೊಟ್ಟಿಗೆ', ಅಂದ್ರೆ ಬಾಳೆಲೇಲಿ ಸುತ್ತಿ ಬೇಯಿಸಿದ ಕಡುಬು, ಅದರ ಎಲೆ ಬಿಚ್ಚುವಾಗ ಬರುವ ಪರಿಮಳ ಯಾವ ಹೋಟೆಲಲ್ಲೂ ಸಿಗೋದಿಲ್ಲ, ಮೇಲಿಂದ ಒಂದು ಚಮಚ ತುಪ್ಪ ಹಾಕ್ಕೊಳ್ಳಿ. ಬಿಸಿಲಿಗೆ ಪುನರ್ಪುಳಿ (ಕೋಕಂ) ಶರ್ಬತ್ತು ಉಂಟು, ಬೆಳಿಗ್ಗೆಗೆ ನೀರುದೋಸೆ ಉಂಟು.

ಇದೆಲ್ಲ ಟೈಪ್ ಮಾಡ್ತಾ ನೆನಪಾಯ್ತು, ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಗೆ ನಾನು ಹೋಗಿದ್ದು ಏಳನೇ ಕ್ಲಾಸಲ್ಲಿ, ಆಮೇಲೆ ಮಂಗಳೂರು ಬಸ್ಸಲ್ಲಿ ಎಷ್ಟು ಸಲ ಆ ದಾರೀಲಿ ಹೋದ್ರೂ ಇಳಿಯಲೇ ಇಲ್ಲ. ಈ ಸಲ ನಿಮ್ಮೊಟ್ಟಿಗೆ ನಾನೂ ಬರ್ತೇನೆ.