ಸಾಲಿಗ್ರಾಮದಲ್ಲಿ ಕಯಾಕಿಂಗ್: ಹಣ ಕಟ್ಟುವ ಮೊದಲು ಉಬ್ಬರದ ವೇಳೆ ಕೇಳಿ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿಯ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡಿನ) ನಡುವೆ ಕಯಾಕ್ ನಡೆಸಬೇಕೆಂದಿರುವವರು ದರವನ್ನು ವಿಚಾರಿಸುವ ಮೊದಲು, ತಾವು ದೋಣಿಯಲ್ಲಿರುವ ಹೊತ್ತಿಗೆ ನೀರು ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ ಎಂದು ವಿಚಾರಿಸಬೇಕು. ನಾವು ತಂಗಿದ್ದ ವಸತಿಗೃಹದವರು ‘ಸೂರ್ಯಾಸ್ತದ ವಿಶೇಷ ವಿಹಾರ’ ಎಂದು ಹೇಳಿ, ನದಿ ದಂಡೆಯಲ್ಲಿ ನೇರವಾಗಿ ಕೇಳುವ ದರದ ಒಂದೂವರೆ ಪಟ್ಟು ಹಣವನ್ನು ಮುಂಗಡವಾಗಿಯೇ ಪಡೆದಿದ್ದರು. ಹುಣ್ಣಿಮೆಯ ಮರುದಿನದ ಆ ಸಂಜೆ ನಾವು ನೀರಿಗಿಳಿದಾಗ ಇಳಿತ ತಳ ಮುಟ್ಟಿತ್ತು. ಗಿಡಗಳ ನಡುವಿನ ಕಿರುಗಾಲುವೆಗಳ ಬಾಯಲ್ಲೇ ಕೆಸರು ಎದ್ದು ನಿಂತಿದ್ದರಿಂದ ಒಳಗೆ ಹೋಗಲಾಗದೆ, ಬಯಲು ಹೊಳೆಯಲ್ಲಿ ಎರಡು ಸುತ್ತು ಹಾಕಿಸಿ ದಡಕ್ಕೆ ತಂದುಬಿಟ್ಟರು. ಕೇಳಿದರೆ ‘ಸೂರ್ಯಾಸ್ತವಂತೂ ಕಂಡಿತಲ್ಲ’ ಎಂಬ ಉತ್ತರ ಬಂತು.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುಮಾರಿಗೆ ಎರಡರ ಅಂತರ ಕಡಿಮೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಪ್ರತಿದಿನವೂ ಒಂದೇ ಗಂಟೆಗೆ ‘ಬೆಸ್ಟ್ ಸ್ಲಾಟ್’ ಇದೆ ಎನ್ನುವವರ ಮಾತನ್ನು ನಂಬುವಂತಿಲ್ಲ. ನೀರು ಏರುವ ಕೊನೆಯ ಹೊತ್ತಿಗೆ ಒಳಗೆ ಹೋಗಿ, ಇಳಿಯುವುದು ಶುರುವಾಗುತ್ತಿದ್ದಂತೆ ಹೊರಬರುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಆಗ ಹೊಳೆಯೇ ಅರ್ಧ ಹುಟ್ಟು ಹಾಕುತ್ತದೆ.

ಮರುದಿನ ಹನ್ನೊಂದರ ಸುಮಾರಿಗೆ ದಂಡೆಯ ಕಯಾಕಿನವರೊಡನೆಯೇ ಮಾತನಾಡಿ ಹೋದಾಗ ಅದೇ ಕಾಲುವೆಗಳು ತುಂಬಿದ್ದವು. ಎರಡೂ ಕಡೆಯ ಕೊಂಬೆಗಳು ತಲೆಯ ಮೇಲೆ ಕೂಡಿಕೊಂಡಿದ್ದು, ಅವುಗಳಿಂದ ಕಾಂಡ್ಲಾದ ಉದ್ದನೆಯ ಹಸಿರು ಮೊಳಕೆಗಳು ನುಗ್ಗೆಕಾಯಿಗಳಂತೆ ಜೋತುಬಿದ್ದಿದ್ದವು. ಈ ಗಿಡದ ಬೀಜ ಮರದಲ್ಲಿರುವಾಗಲೇ ಮೊಳೆತು, ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು, ಉಬ್ಬರದಲ್ಲಿ ಬಿದ್ದರೆ ತೇಲಿಹೋಗಿ ಬೇರೆಲ್ಲಾದರೂ ಬೇರೂರಬಹುದು. ದೋಣಿ ವಾಲಿತೆಂದು ಗಾಬರಿಯಾಗಿ ಬೇರುಗಳನ್ನು ಮಾತ್ರ ಹಿಡಿಯಬೇಡಿ. ನೀರಿನ ಮಟ್ಟದಲ್ಲಿ ಅವುಗಳಿಗೆ ಅಂಟಿಕೊಂಡಿರುವ ಚಿಪ್ಪುಗಳು ಬ್ಲೇಡಿನಷ್ಟೇ ಹರಿತವಾಗಿದ್ದು, ನಮ್ಮ ಗುಂಪಿನ ಒಬ್ಬರ ಅಂಗೈ ಸೀಳಿತು. ಇಬ್ಬರು ಕೂರುವ ಕಯಾಕಿನಲ್ಲಿ ಮುಂದಿನವರ ತಾಳಕ್ಕೆ ಹಿಂದಿನವರು ಹುಟ್ಟು ಹಾಕಬೇಕು, ತಿರುವಿನ ಜವಾಬ್ದಾರಿ ಹಿಂದಿನವರದು. ಗಂಡ ಹೆಂಡತಿ ಇದನ್ನು ದಡದಲ್ಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಕುಳಿತ ಜಾಗ ಹೇಗೂ ಒದ್ದೆಯಾಗುವುದರಿಂದ ಜೀನ್ಸ್ ಬೇಡ. ಈಜು ಬಲ್ಲವರೂ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿಯಾಗಿಯೇ ಕಟ್ಟಿಕೊಳ್ಳಬೇಕು.

ಭಾನುವಾರ ಖಂಡಿತ ಬೇಡ. ಸ್ಪೀಕರ್ ಹಚ್ಚಿಕೊಂಡು ಸಾಲಾಗಿ ಬರುವ ದೋಣಿಗಳ ಹಿಂದೆ ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಹಕ್ಕಿಯೂ ಇಲ್ಲ, ಏಡಿಯೂ ಇಲ್ಲ. ಗದ್ದಲವನ್ನೇ ಇಷ್ಟಪಡುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಊಟಕ್ಕೆ ವಸತಿಗೃಹದ ಪನೀರ್ ಬಟರ್ ಮಸಾಲೆಯನ್ನು ನೆಚ್ಚಿಕೊಳ್ಳದೆ ಹೆದ್ದಾರಿಯ ಕಡೆ ಬನ್ನಿ. ನಮಗೆ ಸಿಕ್ಕಿದ್ದು ನಾಲ್ಕೇ ಮೇಜುಗಳ, ಬೋರ್ಡಿನ ಬಣ್ಣ ಮಾಸಿದ ಒಂದು ಹೋಟೆಲು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ನುಣ್ಣಗೆ ರುಬ್ಬಿ ಹಾಕಿದ ಬಂಗುಡೆ ಸಾರು, ಬದಿಗೆ ಸೌತೆಕಾಯಿ ಪಲ್ಯ, ಕೊನೆಗೆ ಒಗ್ಗರಣೆ ಹಾಕಿದ ಮಜ್ಜಿಗೆ. ಬಡಿಸುತ್ತಿದ್ದ ಅಮ್ಮ ತಟ್ಟೆ ಬರಿದಾಗಲು ಬಿಡದೆ, ‘ಹೊಳಿಗೆ ಹೋಯಿ ಬಂದವ್ರಿಗೆ ಹಸು ಜಾಸ್ತಿ’ (ಹೊಳೆಗೆ ಹೋಗಿ ಬಂದವರಿಗೆ ಹಸಿವು ಹೆಚ್ಚು) ಎನ್ನುತ್ತ ಸಾರು ಸುರಿದರು. ಇಬ್ಬರ ಊಟಕ್ಕೆ ಕೊಟ್ಟ ಹಣ ವಸತಿಗೃಹದ ಒಂದು ತಟ್ಟೆ ಗೋಬಿಗಿಂತ ಕಡಿಮೆ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಮೀನು ಮುಗಿದಿರುತ್ತದೆ.

ಬೆಂಗಳೂರಿನಿಂದ ಬಸ್ ಕಾದಿರಿಸುವವರು ಮೈಸೂರು ಜಿಲ್ಲೆಯಲ್ಲೂ ಒಂದು ಸಾಲಿಗ್ರಾಮವಿದೆ ಎಂಬುದನ್ನು ನೆನಪಿಡಿ. ಉಡುಪಿಯ ಮೂಲಕ ಹೋಗುವ ಕುಂದಾಪುರದ ಬಸ್ಸು ಹಿಡಿದು, ಸಾಲಿಗ್ರಾಮದ ನಿಲ್ದಾಣ ಬರುವ ಮೊದಲೇ ನಿರ್ವಾಹಕರಿಗೆ ಹೇಳಿಡಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ರಭಸದಿಂದ ಹರಿಯುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ನವೆಂಬರ್‌ನಿಂದ ಫೆಬ್ರವರಿಯೊಳಗೆ, ವಾರದ ನಡುವಿನ ದಿನಗಳಲ್ಲಿ, ಕಡಲ ಗಾಳಿ ಏಳುವ ಮುನ್ನವೇ ನೀರು ತುಂಬುವ ದಿನ ನೋಡಿ ಹೊರಡಿ.