ಮೊಬೈಲೇ ಸಿಗದ ಘಾಟಿಯಲ್ಲಿ ವಾಹನಗಳು ಮಾತಾಡಿಕೊಂಡಾವೇ?

ವಾಹನಗಳ ನಡುವೆ ರೇಡಿಯೋ ಅಲೆ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: "ಆಗುಂಬೆ ಘಾಟಿಯಲ್ಲಿ ಮೊಬೈಲಿಗೇ ಸಿಗ್ನಲ್ ಸಿಗುವುದಿಲ್ಲ. ಆ ಮಳೆಯಲ್ಲಿ ನಿನ್ನ ಕಾರುಗಳು ಏನು ಮಾತಾಡಿಕೊಂಡಾವು?"

ಮಾತಾಡಿಕೊಳ್ಳುತ್ತವೆ. ಅದಕ್ಕೆ ಟವರ್ ಬೇಕಿಲ್ಲ. ಈ ವ್ಯವಸ್ಥೆ ಇರುವ ಪ್ರತಿ ವಾಹನವೂ ತಾನಿರುವ ಜಾಗ, ವೇಗ, ದಿಕ್ಕನ್ನು ಸೆಕೆಂಡಿಗೆ ಹತ್ತು ಸಲದವರೆಗೆ ಸುತ್ತಲಿನ ವಾಹನಗಳಿಗೆ ನೇರವಾಗಿ ಸಾರುತ್ತದೆ. ಇದಕ್ಕೆ ಬಳಸುವುದು 5.9 ಗಿಗಾಹರ್ಟ್ಸ್ ಆಸುಪಾಸಿನ ಅಲೆ.

ಮಳೆಯನ್ನು ದೂರುವುದಂತೂ ಅನ್ಯಾಯ. ಗಂಟೆಗೆ 100 ಮಿಲಿಮೀಟರ್ ಸುರಿಯುವ ಮಳೆಯಲ್ಲೂ ಈ ಅಲೆ ಒಂದು ಕಿಲೋಮೀಟರಿಗೆ ಕಳೆದುಕೊಳ್ಳುವುದು ಸುಮಾರು 1 ಡೆಸಿಬೆಲ್ ಮಾತ್ರ (ಅಲೆಯ ಶಕ್ತಿ ಎಷ್ಟು ಕುಗ್ಗಿತು ಎಂಬುದರ ಅಳತೆ ಇದು). ನಮಗೆ ಬೇಕಾದ ಇನ್ನೂರು ಮುನ್ನೂರು ಮೀಟರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕಾಡು ಹಾಗಲ್ಲ. ಮರಗಿಡಗಳ ನಡುವೆ ಅಲೆ ಎಷ್ಟು ಕುಗ್ಗುತ್ತದೆಂದು ಅಂದಾಜಿಸುವ ವೈಸ್‌ಬರ್ಗರ್ ಸೂತ್ರದಂತೆ ಎಲೆ ತುಂಬಿದ ಮರಗಳ ನಡುವೆ 30 ಮೀಟರ್ ಸಾಗುವಷ್ಟರಲ್ಲಿ 16 ಡೆಸಿಬೆಲ್ ಹೋಗುತ್ತದೆ, ಅಂದರೆ ಶಕ್ತಿಯಲ್ಲಿ ನಲವತ್ತನೆಯ ಒಂದು ಪಾಲು ಉಳಿಯುತ್ತದೆ. ಆ ಸೂತ್ರ ಮಳೆಗೆ ನೆನೆಯದ ಎಲೆಗಳಿಗೆ ಸಲ್ಲುವಂಥದ್ದು. ಆಷಾಢದಲ್ಲಿ ನೆನೆದು ನಿಂತ ಎಲೆಗಳು ಇನ್ನಷ್ಟು ಹೀರುತ್ತವೆ.

ನಿಜವಾದ ತೊಡಕು ಇರುವುದು ತಿರುವಿನಲ್ಲಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಚಾಲಕರು ಹಾರ್ನ್ ಹಾಕುತ್ತಾರೆ, ಧರೆಯ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಗೋಡೆಯ, ಆಚೆಗೂ ಅದು ಕೇಳಿಸುತ್ತದೆ. 400 ಹರ್ಟ್ಸ್ ಸದ್ದಿನ ಅಲೆ ಸುಮಾರು 85 ಸೆಂಟಿಮೀಟರ್ ಉದ್ದವಿರುವುದರಿಂದ ಅಂಚನ್ನು ಬಳಸಿಕೊಂಡು ಬಾಗುತ್ತದೆ. ನಮ್ಮ ರೇಡಿಯೋ ಅಲೆಯ ಉದ್ದ ಬರೀ 5 ಸೆಂಟಿಮೀಟರ್. ಬಾಗುವ ವಿಷಯದಲ್ಲಿ ಅದು ಸದ್ದಿಗಿಂತ ಬೆಳಕಿಗೇ ಹತ್ತಿರ.

ಆದರೆ ಬೆಳಕು ಏನು ಮಾಡುತ್ತದೆ? ರಾತ್ರಿ ಘಾಟಿ ಹತ್ತಿದವರಿಗೆ ಗೊತ್ತು. ಎದುರಿನ ಮಿನಿ ಬಸ್ ಕಾಣುವ ಮೊದಲೇ ಅದರ ದೀಪ ಎದುರಿನ ಧರೆಯ ಮೇಲೆ ಹರಡಿರುತ್ತದೆ. ರೇಡಿಯೋ ಅಲೆಯೂ ಹೀಗೆಯೇ ಬಂಡೆಗೆ, ಮಣ್ಣಿಗೆ ಬಡಿದು ಚದುರಿ ಈಚೆಗೆ ತಲುಪಬಲ್ಲದು. ಈ ಚದುರುವಿಕೆಯ ಲೆಕ್ಕವೇ ನನಗೆ ಎಲ್ಲಕ್ಕಿಂತ ಮುಖ್ಯ. ಹೆದ್ದಾರಿಗೆ ಒಪ್ಪುವ ಸರಳ ಮಾದರಿಯಲ್ಲಿ ಎರಡೇ ಕಿರಣ: ನೇರ ಬಂದದ್ದೊಂದು, ರಸ್ತೆಗೆ ತಾಗಿ ಬಂದದ್ದೊಂದು. ಹೇರ್‌ಪಿನ್ನಿನಲ್ಲಿ ಆ ಎರಡೂ ಇಲ್ಲ! ಹಾಗಾಗಿ ತಿರುವಿನ ಆಕಾರ, ಧರೆಯ ಎತ್ತರ, ಅದು ಬಂಡೆಯೋ ಮಣ್ಣೋ, ಪಾಚಿ ಕಟ್ಟಿದೆಯೋ ಎಂಬುದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಒಂದೊಂದು ಕಿರಣದ ಹಾದಿಯನ್ನೂ ಹಿಂಬಾಲಿಸಬೇಕಾಗುತ್ತದೆ. ಸಾಗುವ ವೇಗದಿಂದ ಅಲೆಯ ಆವರ್ತನ ತುಸು ಬದಲಾಗುವ ಡಾಪ್ಲರ್ ಪಲ್ಲಟ ಇಲ್ಲಿ ಚಿಕ್ಕದು, ಗಂಟೆಗೆ 60 ಕಿಲೋಮೀಟರಿನಂತೆ ಪರಸ್ಪರ ಹತ್ತಿರವಾದರೂ 330 ಹರ್ಟ್ಸ್‌ನಷ್ಟು.

ಅದೇ ವೇಗದಲ್ಲಿ ಐವತ್ತು ಮೀಟರ್ ಅಂತರ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಎದುರುಬದುರಾದ ಮೇಲೆ ಬರುವ ಸಂದೇಶದಿಂದ ಏನು ಪ್ರಯೋಜನ? ಧರೆಯಿಂದ ಚದುರಿ ಬರುವ ಅಲೆ ಸಾಲದ ಕಡೆ, ಉಬ್ಬುಕನ್ನಡಿ ನಿಲ್ಲಿಸುವ ಹಾಗೆ, ತಿರುವಿನ ಹೊರ ಅಂಚಿನಲ್ಲಿ ಎರಡೂ ಬದಿಗೆ ಕಾಣುವಂತೆ, ಒಂದು ಬದಿಯ ಸಂದೇಶವನ್ನು ಇನ್ನೊಂದು ಬದಿಗೆ ದಾಟಿಸುವ ಒಂದು ಪುಟ್ಟ ರೇಡಿಯೋ ಪೆಟ್ಟಿಗೆ ಇಡಬಹುದು. ಯಾವ ತಿರುವಿಗೆ ಪೆಟ್ಟಿಗೆ ಬೇಕು, ಯಾವುದಕ್ಕೆ ಧರೆಯೇ ಸಾಕು ಎಂದು ನೆಂಟರಿಗೆ ಒಂದೊಂದಾಗಿ ತೋರಿಸಿ ಹೇಳುವಷ್ಟು ನನ್ನ ಲೆಕ್ಕ ಪಕ್ವವಾಗಬೇಕು.